ಚಿತ್ರ ಒಂದು, ಅಭಿಪ್ರಾಯ ಎರಡು

ಅಂಕೋಲೆಯ ರೋಗಿಯೊಬ್ಬರ ಎದೆಯ ಸಿ.ಟಿ. ಸ್ಕ್ಯಾನ್ ಕಾರವಾರದಲ್ಲಿ ಆಗುತ್ತದೆ ಎನ್ನೋಣ. ಹೆಚ್ಚಿನ ಚಿಕಿತ್ಸೆಗೆಂದು ಅದೇ ಫಿಲ್ಮು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗುತ್ತದೆ. ಈ ಓಡಾಟದಿಂದ ಬೇಸತ್ತೇ ಉತ್ತರ ಕನ್ನಡದ ಜನ 2022ರಲ್ಲಿ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ದನಿಯೆತ್ತಿದ್ದರು. ಮೊದಲ ವರದಿಯಲ್ಲಿ ‘ಗಂಟು, ಪರೀಕ್ಷೆ ಅಗತ್ಯ’ ಎಂದಿದ್ದರೆ, ಎರಡನೆಯದರಲ್ಲಿ ‘ಹಳೆಯ ಕ್ಷಯದ ಕಲೆ’ ಎಂದಿರಬಹುದು. ಯಾರ ಮಾತು ಸರಿ? ಮನೆಯವರ ಈ ಗೊಂದಲಕ್ಕೆ ಮುಕ್ಕಾಲು ಶತಮಾನದ ಇತಿಹಾಸವಿದೆ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ, ಕ್ಷಯ ಪತ್ತೆಗೆ ಯಾವ ಅಳತೆಯ ಎಕ್ಸ್‌ರೇ ಫಿಲ್ಮು ಉತ್ತಮ ಎಂಬ ಪರೀಕ್ಷೆ ನಡೆಯಿತು. ಸಂಖ್ಯಾಶಾಸ್ತ್ರಜ್ಞ ಜೇಕಬ್ ಯೆರುಶಾಲ್ಮಿ ಮತ್ತು ಸಂಗಡಿಗರು 1,256 ಜನರ ಚಿತ್ರಗಳನ್ನು ಐವರು ತಜ್ಞರ ಮುಂದಿಟ್ಟರು. 1947ರಲ್ಲಿ ಪ್ರಕಟವಾದ ಫಲಿತಾಂಶ ಅನಿರೀಕ್ಷಿತವಾಗಿತ್ತು. ಫಿಲ್ಮುಗಳ ನಡುವಣ ವ್ಯತ್ಯಾಸಕ್ಕಿಂತ ತಜ್ಞರ ನಡುವಣ ವ್ಯತ್ಯಾಸವೇ ದೊಡ್ಡದು! ಅದೇ ಚಿತ್ರವನ್ನು ಮತ್ತೊಮ್ಮೆ ನೋಡಿದಾಗ ತಜ್ಞರು ತಮ್ಮದೇ ಹಿಂದಿನ ಅಭಿಪ್ರಾಯಕ್ಕೆ ವಿರುದ್ಧವಾಗಿ ಹೇಳಿದ್ದೂ ಉಂಟು.

ಈ ಪಾಠವನ್ನು ಕರ್ನಾಟಕವೂ ಬಳಸಿಕೊಂಡಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿತು. ಪ್ರತಿ ಎಕ್ಸ್‌ರೇಯನ್ನೂ ಇಬ್ಬರು ಬೇರೆಬೇರೆಯಾಗಿ ನೋಡುತ್ತಿದ್ದರು; ಭಿನ್ನಾಭಿಪ್ರಾಯ ಬಂದರೆ ಮೂರನೆಯವರು ಅಂಪೈರ್. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕಾರ್ಯಕ್ರಮ ಕಫ ಪರೀಕ್ಷೆಗೆ ಮಹತ್ವ ಕೊಟ್ಟಿತು. ನೆರಳಿಗಿಂತ ಕ್ರಿಮಿಯೇ ಗಟ್ಟಿ ಸಾಕ್ಷಿ.

ಆದರೆ ಒಪ್ಪಿಗೆಯನ್ನು ಅಳೆಯುವುದು ಹೇಗೆ? ಇಬ್ಬರು ಕಣ್ಣು ಮುಚ್ಚಿಕೊಂಡು ನೂರರಲ್ಲಿ ತೊಂಬತ್ತು ಚಿತ್ರಗಳಿಗೆ ‘ದೋಷವಿಲ್ಲ’ ಎಂದರೂ ಸುಮಾರು 82ರಲ್ಲಿ ಅವರ ಮಾತು ಆಕಸ್ಮಿಕವಾಗಿಯೇ ಕೂಡುತ್ತದೆ. ಈ ಆಕಸ್ಮಿಕವನ್ನು ಕಳೆದು ನಿಜವಾದ ಒಪ್ಪಿಗೆಯನ್ನು ತೋರಿಸುವ ‘ಕಪ್ಪಾ’ ಎಂಬ ಅಳತೆಯನ್ನು ಮನಶ್ಶಾಸ್ತ್ರಜ್ಞ ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟರು. ಪೂರ್ಣ ಒಪ್ಪಿಗೆಗೆ 1. ಬರೀ ಆಕಸ್ಮಿಕಕ್ಕೆ 0.

1971ರಲ್ಲಿ ಸಿ.ಟಿ. ಯಂತ್ರ ಬಳಕೆಗೆ ಬಂತು. ದೇಹದೊಳಗಿನ ಚಿತ್ರ ಸ್ಪಷ್ಟವಾಯಿತು. ಆದರೂ ಭಿನ್ನಮತ ಅಳಿಯಲಿಲ್ಲ. 2020ರಲ್ಲಿ ಕೋವಿಡ್ ಬಂದಾಗ ನೆದರ್ಲೆಂಡ್ಸ್‌ನ ತಜ್ಞರು ಶ್ವಾಸಕೋಶದ ಸಿ.ಟಿ. ಚಿತ್ರಗಳಿಗೆ ‘ಕೋ-ರ‍್ಯಾಡ್ಸ್’ ಎಂಬ, ಅನುಮಾನದ ಮಟ್ಟವನ್ನು 1ರಿಂದ 5ರವರೆಗೆ ಗುರುತಿಸುವ ಶ್ರೇಣಿಯನ್ನು ರೂಪಿಸಿದರು. ಎಂಟು ಮಂದಿ 105 ಚಿತ್ರಗಳನ್ನು ನೋಡಿದಾಗ ಕಪ್ಪಾ 0.47 ಬಂತು. ಅನುಮಾನ ತೀರಾ ಕಡಿಮೆ ಅಥವಾ ತೀರಾ ಹೆಚ್ಚು ಇರುವ ತುದಿಗಳಲ್ಲಿ ಒಪ್ಪಿಗೆ ಹೆಚ್ಚು, ನಡುವಿನ ಶ್ರೇಣಿಗಳಲ್ಲಿ ಕಡಿಮೆ.

ಹಾಗಾಗಿ ಎರಡು ವರದಿಗಳು ಬೇರೆಯಾದ ಮಾತ್ರಕ್ಕೆ ಒಬ್ಬರು ದಡ್ಡರೆಂದಲ್ಲ. ಆ ಚಿತ್ರ ನಡುವಿನ ಮಸುಕಿನಲ್ಲಿದೆ ಎಂಬ ಸೂಚನೆಯೂ ಅದಾಗಿರಬಹುದು. ಅಂಥಲ್ಲಿ ಕಫ ಪರೀಕ್ಷೆ, ಬಯಾಪ್ಸಿ ಅಥವಾ ಕೆಲವು ತಿಂಗಳ ನಂತರದ ಮರು ಸ್ಕ್ಯಾನ್ ಅಂಪೈರ್ ಆಗಬಲ್ಲದು. ಹಳೆಯ ಫಿಲ್ಮೂ ಅಷ್ಟೇ ಮುಖ್ಯ. ಐದು ವರ್ಷದ ಹಿಂದೆಯೂ ಇದ್ದು ಇಂದಿಗೂ ಬೆಳೆಯದ ಕಲೆ ಬಹುಮಟ್ಟಿಗೆ ನಿರಪಾಯಕಾರಿ. ಅಂಕೋಲೆಯಿಂದ ಬಸ್ಸು ಹತ್ತುವಾಗ ಹೊಸ ಫಿಲ್ಮಿನ ಜೊತೆಗೆ ಪೆಟ್ಟಿಗೆಯ ತಳದಲ್ಲಿರುವ ಹಳೆಯದನ್ನೂ ಕೊಂಡೊಯ್ಯುವುದು ಲೇಸು.