ನ್ಯಾಯವಾದಿ ದ್ಮಿತ್ರಿ ಸ್ತಾಸೊವ್

ಝಾರ್ ಚಕ್ರವರ್ತಿಗಳ ರಷ್ಯದಲ್ಲಿ 1864ರ ನ್ಯಾಯಸುಧಾರಣೆಯವರೆಗೆ ಸ್ವತಂತ್ರವಾದ ವಕೀಲವರ್ಗವೆಂಬುದೇ ಇರಲಿಲ್ಲ. ಆ ವರ್ಗವನ್ನು ಕಟ್ಟಿ ನಿಲ್ಲಿಸಿದವರಲ್ಲಿ ದ್ಮಿತ್ರಿ ಸ್ತಾಸೊವನು ಅಗ್ರಗಣ್ಯನು.

1828ರಲ್ಲಿ ಪೀಟರ್ಸ್‌ಬರ್ಗಿನ ವಾಸ್ತುಶಿಲ್ಪಿಯೊಬ್ಬನ ಮಗನಾಗಿ ಜನಿಸಿದ ಈತನು ನ್ಯಾಯಶಾಸ್ತ್ರವನ್ನು ಅಭ್ಯಸಿಸಿ, ಸೆನೆಟ್ ಎಂಬ ಉಚ್ಚ ನ್ಯಾಯಸ್ಥಾನದಲ್ಲಿ ಅಧಿಕಾರಿಯಾದನು. ಸಾರ್ವಜನಿಕ ಕಾರ್ಯದಲ್ಲಿಯೂ ಹಿಂದುಳಿಯಲಿಲ್ಲ. 1859ರಲ್ಲಿ ಆಂಟನ್ ರುಬಿನ್‌ಸ್ಟೈನನೊಡನೆ ರಷ್ಯದ ಸಂಗೀತ ಸಂಘದ ಸ್ಥಾಪನೆಗೆ ದುಡಿದನು. 1861ರಲ್ಲಿ ಬಂಧಿತ ವಿದ್ಯಾರ್ಥಿಗಳ ಪರವಾಗಿ ಸಹಿ ಸಂಗ್ರಹಿಸಿದುದಕ್ಕಾಗಿ ಹುದ್ದೆಯನ್ನೇ ಕಳೆದುಕೊಂಡನು.

1866ರಲ್ಲಿ ರಾಜಧಾನಿಯ ವಕೀಲರು ತಮ್ಮ ಪ್ರಥಮ ಮಂಡಲಿಗೆ ಅವನನ್ನೇ ಅಧ್ಯಕ್ಷನನ್ನಾಗಿ ಆರಿಸಿದರು. ಆ ವರ್ಷವೇ, ಕರಕೋಜೊವನು ಚಕ್ರವರ್ತಿಯ ಮೇಲೆ ಗುಂಡು ಹಾರಿಸಿದ ಮೊಕದ್ದಮೆಯಲ್ಲಿ ಸ್ತಾಸೊವನು ಆರೋಪಿಗಳ ಪಕ್ಷವನ್ನು ವಹಿಸಿದನು. 1877-78ರಲ್ಲಿ 193 ಮಂದಿ ಕ್ರಾಂತಿಕಾರರ ವಿಚಾರಣೆ ನಡೆದಾಗಲೂ ಅವರ ಪರವಾಗಿ ನಿಂತನು. 1880ರಲ್ಲಿ ಸರಕಾರವು ಅವನನ್ನು ರಾಜಧಾನಿಯಿಂದ ತೂಲಾ ನಗರಕ್ಕೆ ಗಡಿಪಾರು ಮಾಡಿತು.

ಕಾಲಚಕ್ರ ಉರುಳಿತು. ಯಾರ ಪರವಾಗಿ ಅವನು ವಾದಿಸಿದ್ದನೋ ಆ ಕ್ರಾಂತಿಪಥದವರೇ 1917ರಲ್ಲಿ ಅಧಿಕಾರಕ್ಕೆ ಬಂದರು. ಅವನ ಮಗಳು ಎಲೆನಾ ಆಗ ಬೋಲ್ಷೆವಿಕ್ ಪಕ್ಷದ ಕೇಂದ್ರ ಸಮಿತಿಯ ಕಾರ್ಯದರ್ಶಿಯಾಗಿದ್ದಳು. ಅದೇ ನವೆಂಬರಿನಲ್ಲಿ ಹೊಸ ಸರಕಾರವು ಒಂದೇ ಶಾಸನದಿಂದ ಹಳೆಯ ನ್ಯಾಯಾಲಯಗಳನ್ನೂ ವಕೀಲವರ್ಗವನ್ನೂ ರದ್ದುಗೊಳಿಸಿತು. ಮರುವರ್ಷ ಸ್ತಾಸೊವನು ತೀರಿಕೊಂಡನು. ಅರಸನೇ ಆಳಲಿ, ಕ್ರಾಂತಿಯೇ ಆಳಲಿ, ಆರೋಪಿಯ ಪರವಾಗಿ ನಿರ್ಭಯವಾಗಿ ನುಡಿಯುವವನೊಬ್ಬನು ಬೇಕೆಂಬುದೇ ಆತನ ಬಾಳು ಉಳಿಸಿಹೋದ ಪಾಠ.