ಜಾಲಹಳ್ಳಿ ಕ್ರಾಸಿನಲ್ಲಿ ಕಲಿತ ಪಾಠ

ಕೆಲವು ವರ್ಷಗಳ ಹಿಂದೆ ಜಾಲಹಳ್ಳಿ ಕ್ರಾಸಿನ ಬಸ್ ನಿಲ್ದಾಣದಲ್ಲಿ ಗುಂಗುರುಗೂದಲಿನ ತರುಣನೊಬ್ಬನನ್ನು ಆಫ್ರಿಕದ ವಿದ್ಯಾರ್ಥಿಯೆಂದೇ ಭಾವಿಸಿ, ಯಾವ ದೇಶವೆಂದು ಇಂಗ್ಲಿಷಿನಲ್ಲಿ ಕೇಳಿದೆ. "ಯಲ್ಲಾಪುರ ಸರ್, ಪೀಣ್ಯದಲ್ಲಿ ಕೆಲಸ" ಎಂದ, ಕನ್ನಡದಲ್ಲೇ. ಮೂವತ್ತು ವರ್ಷ ಚರಿತ್ರೆ ಬೋಧಿಸಿದ ನಾನು ತಲೆ ತಗ್ಗಿಸಬೇಕಾಯಿತು.

ಗುಲಾಮರ ವ್ಯಾಪಾರವೆಂದರೆ ನಾನು ಮಕ್ಕಳಿಗೆ ಹೇಳುತ್ತಿದ್ದುದು ಅಟ್ಲಾಂಟಿಕ್ ಸಾಗರದ ಹಡಗುಗಳಿಗೆ ತುಂಬಲಾದ ಸುಮಾರು 1.25 ಕೋಟಿ ಜನರ ಕಥೆಯನ್ನು ಮಾತ್ರ. ನಮ್ಮ ಕಡಲಿನ ಮಾತು ಬಂದರೆ ಮಲಿಕ್ ಅಂಬರನ ಕುರಿತು ಒಂದು ವಾಕ್ಯ: ಇಥಿಯೋಪಿಯದಿಂದ ಗುಲಾಮನಾಗಿ ಬಂದು ಅಹಮದ್‌ನಗರ ರಾಜ್ಯವನ್ನೇ ನಡೆಸಿದವನು, 1626ರಲ್ಲಿ ತೀರಿಕೊಂಡನು. ಅಂಥವರು ಎಷ್ಟು ಮಂದಿ! 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಮುಂದೆ ಮೊಜಾಂಬಿಕ್ ಕಡೆಯಿಂದ ತಂದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳ ಸಿದ್ದಿಗಳಲ್ಲಿ ಬಹಳಷ್ಟು ಮಂದಿ ಅವರ ಸಂತತಿ. ಪೋರ್ಚುಗೀಸ್ ಆಳ್ವಿಕೆಯಲ್ಲಿ ಗುಲಾಮಗಿರಿ ಕಾನೂನಿನಲ್ಲಿ ರದ್ದಾದುದು 1869ರಲ್ಲಿ.

ಅತ್ತ ಆಫ್ರಿಕದ ಹಳ್ಳಿಗಳು ದುಡಿಯುವ ಕೈಗಳನ್ನು ಕಳೆದುಕೊಂಡವು. ಮಾರಲು ಸೆರೆಯಾಳುಗಳು ಬೇಕೆಂದೇ ನೆರೆಹೊರೆಯವರ ಮೇಲೆ ದಾಳಿಗಳಾದವು. ಇತ್ತ ಬಂದವರು ತಮ್ಮ ಭಾಷೆಯನ್ನು ಕಳೆದುಕೊಂಡರು. ಇಂದು ಸಿದ್ದಿಗಳ ಮನೆಮಾತು ಬಹುಮಟ್ಟಿಗೆ ಕೊಂಕಣಿ. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಎಲ್ಲರೂ ಇದ್ದಾರೆ. ಡಮಾಮಿಯ ಬಡಿತವೊಂದು ಉಳಿದುಬಂದಿದೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲು 2003ರವರೆಗೆ ಕಾಯಬೇಕಾಯಿತು.

ಬಸ್ಸು ಬರುವ ಮುನ್ನ, ಹಿರಿಯರು ಎಲ್ಲಿಂದ ಬಂದವರೆಂದು ಮನೆಯಲ್ಲಿ ಹೇಳುತ್ತಾರೆಯೇ ಎಂದು ಆ ತರುಣನನ್ನು ಕೇಳಿದೆ.

"ನಮ್ಮ ಅಜ್ಜಿಗೂ ಗೊತ್ತಿರಲಿಲ್ಲ ಸರ್. ನೀವು ಮೇಷ್ಟ್ರಲ್ಲವೇ, ನಿಮಗೆ ಗೊತ್ತಾ?" ಎಂದ.