ಹವ್ಯಾಸ ಆಧಾರಿತ ಉಪವೃತ್ತಿ

ಹವ್ಯಾಸ ಆಧಾರಿತ ಉಪವೃತ್ತಿ ಎಂದರೆ ಬಿಡುವಿನ ವೇಳೆಯಲ್ಲಿ ಬೆಳೆಸಿಕೊಂಡ ಆಸಕ್ತಿಯಿಂದ ಮುಖ್ಯ ಉದ್ಯೋಗದ ಜೊತೆಗೆ ಸಣ್ಣ ಪ್ರಮಾಣದ ಆದಾಯ ಗಳಿಸುವ ಚಟುವಟಿಕೆ. ಜೇನು ಸಾಕಣೆ, ಸಸ್ಯಗಳ ನರ್ಸರಿ, ಛಾಯಾಗ್ರಹಣ, ಸಂಗೀತ ಪಾಠ, ಮರಗೆಲಸ ಮೊದಲಾದವು ಇದರ ಸಾಮಾನ್ಯ ರೂಪಗಳು. ಭಾರತದಲ್ಲಿ ಅವಧಿಗೆ ಮುನ್ನ ನಿವೃತ್ತಿ ಬಯಸುವವರು ಸಂಬಳ ನಿಂತ ನಂತರದ ವರ್ಷಗಳಿಗೆ ಆಸರೆಯಾಗಲೆಂದು ಇಂತಹ ವೃತ್ತಿಯನ್ನು ಸೇವೆಯಲ್ಲಿರುವಾಗಲೇ ಆರಂಭಿಸುವುದುಂಟು. ಆದರೆ ಆರಂಭಕ್ಕೆ ತಕ್ಕ ಕಾಲವನ್ನು ನಿರ್ಧರಿಸುವುದು ಬಹುಮಟ್ಟಿಗೆ ಸೇವಾ ನಿಯಮಗಳೇ.

ಸೇವಾ ನಿಯಮಗಳು

ಕೇಂದ್ರ ನಾಗರಿಕ ಸೇವಾ (ನಡತೆ) ನಿಯಮಗಳು, 1964ರ 15ನೇ ನಿಯಮದಂತೆ ಸರ್ಕಾರಿ ನೌಕರರು ಪೂರ್ವಾನುಮತಿ ಇಲ್ಲದೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ವ್ಯಾಪಾರದಲ್ಲಿ ತೊಡಗುವಂತಿಲ್ಲ. ಸಾಹಿತ್ಯ, ಕಲೆ ಅಥವಾ ವಿಜ್ಞಾನಕ್ಕೆ ಸಂಬಂಧಿಸಿದ ಸಾಂದರ್ಭಿಕ ಕೆಲಸಕ್ಕೆ, ಕರ್ತವ್ಯಕ್ಕೆ ಧಕ್ಕೆ ಬಾರದಿದ್ದಲ್ಲಿ, ವಿನಾಯಿತಿ ಇದೆ. ಹೀಗಾಗಿ ಬಿಡುವಿನಲ್ಲಿ ಕಥೆ ಬರೆಯುವ ಗುಮಾಸ್ತರೂ ಜೇನು ಮಾರುವ ಗುಮಾಸ್ತರೂ ನಿಯಮದ ದೃಷ್ಟಿಯಲ್ಲಿ ಒಂದೇ ಅಲ್ಲ. ವ್ಯಾಪಾರವನ್ನು ಪತ್ನಿಯ ಅಥವಾ ಪತಿಯ ಹೆಸರಿನಲ್ಲಿ ನಡೆಸಿದರೆ ತೊಂದರೆಯಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆಯಾದರೂ, ಕುಟುಂಬದ ಸದಸ್ಯರ ವ್ಯಾಪಾರವನ್ನೂ ಸರ್ಕಾರಕ್ಕೆ ವರದಿ ಮಾಡಬೇಕೆಂದು ಇದೇ ನಿಯಮ ವಿಧಿಸುತ್ತದೆ. ಖಾಸಗಿ ಸಂಸ್ಥೆಗಳಲ್ಲಿ ನೇಮಕಾತಿ ಪತ್ರದ ಷರತ್ತುಗಳು ಅನ್ವಯಿಸುತ್ತವೆ.

ಪಿಂಚಣಿಯೊಂದಿಗಿನ ಸಂಬಂಧ

ಹಳೆಯ ಪಿಂಚಣಿ ಪದ್ಧತಿಗೆ ಒಳಪಟ್ಟ ಕೇಂದ್ರ ನೌಕರರು 20 ವರ್ಷಗಳ ಅರ್ಹ ಸೇವೆಯ ನಂತರ 3 ತಿಂಗಳ ಮುನ್ಸೂಚನೆ ನೀಡಿ ಸ್ವಯಂ ನಿವೃತ್ತಿ ಪಡೆಯಬಹುದು. ನೌಕರರ ಪಿಂಚಣಿ ಯೋಜನೆ, 1995ರ ಸದಸ್ಯರ ಸ್ಥಿತಿ ಬೇರೆ. 10 ವರ್ಷಗಳ ಅರ್ಹ ಸೇವೆಯಿದ್ದು ಕೆಲಸ ತೊರೆದವರು 50 ವರ್ಷ ತುಂಬಿದ ಮೇಲೆ ಪಿಂಚಣಿ ಕೋರಬಹುದಾದರೂ, 58ಕ್ಕೆ ಉಳಿದಿರುವ ಪ್ರತಿ ವರ್ಷಕ್ಕೆ ಶೇ. 4ರ ದರದಲ್ಲಿ ಮೊತ್ತ ಕಡಿತಗೊಳ್ಳುತ್ತದೆ. 58 ತುಂಬಿದ ಮಾತ್ರಕ್ಕೆ ಈ ಕಡಿತ ರದ್ದಾಗುವುದಿಲ್ಲ. ಆದ್ದರಿಂದ ಉಪವೃತ್ತಿಯ ಆದಾಯ ಅಲ್ಪವಾಗಿದ್ದರೂ, ಪಿಂಚಣಿಯನ್ನು ಕೆಲವು ವರ್ಷ ಮುಂದೂಡಲು ನೆರವಾದರೆ ಅದರ ನಿಜವಾದ ಲಾಭ ಗಳಿಕೆಗಿಂತ ಹೆಚ್ಚು.

ಜೇನು ಸಾಕಣೆಯ ನಿದರ್ಶನ

ಕೊಡಗು, ದಕ್ಷಿಣ ಕನ್ನಡ ಹಾಗೂ ಉತ್ತರ ಕನ್ನಡ ಜಿಲ್ಲೆಗಳಲ್ಲಿ ಪೆಟ್ಟಿಗೆಗಳಲ್ಲಿ ತುಡುವೆ ಜೇನು ಸಾಕುವುದು ಬಹುಕಾಲದಿಂದ ಉಪಕಸುಬಾಗಿದೆ. ಇದಕ್ಕೆ ಹೆಚ್ಚಿನ ಜಾಗವಾಗಲಿ ದಿನವಿಡೀ ದುಡಿಮೆಯಾಗಲಿ ಬೇಕಿಲ್ಲ; ಮಳೆಗಾಲದಲ್ಲಿ ಹೂವು ಇಲ್ಲದಾಗ ಸಕ್ಕರೆ ಪಾಕ ಉಣಿಸಬೇಕು, ಕುಟುಂಬ ಪಾಲಾಗಿ ಹಾರಿಹೋಗದಂತೆ ಕಾಯಬೇಕು. ಹೂವಿನ ಕಾಲ ಕೈಕೊಟ್ಟರೆ ಆ ವರ್ಷದ ತುಪ್ಪವೂ ಇಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ಹರಡಿ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಪೆಟ್ಟಿಗೆಗಳನ್ನೇ ಏಕೈಕ ಆಧಾರವಾಗಿ ನಂಬುವುದರ ಅಪಾಯವನ್ನು ಈ ಘಟನೆ ತೋರಿಸುತ್ತದೆ.

ನೋಂದಣಿ ಮತ್ತು ತೆರಿಗೆ

ಜೇನುತುಪ್ಪ, ಉಪ್ಪಿನಕಾಯಿ ಮುಂತಾದ ಆಹಾರ ಪದಾರ್ಥ ಮಾರುವ ಸಣ್ಣ ತಯಾರಕರೂ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರಡಿ ನೋಂದಾಯಿಸಿಕೊಳ್ಳಬೇಕು. ವ್ಯಾಪಾರದ ಆದಾಯವಿರುವ ಸಂಬಳದಾರರು ಐಟಿಆರ್-1 ನಮೂನೆಯನ್ನು ಬಳಸುವಂತಿಲ್ಲ. ಅರ್ಹರಾದ ಸಣ್ಣ ವ್ಯಾಪಾರಿಗಳು ಅಂದಾಜು ಆದಾಯ ಪದ್ಧತಿಯಡಿ ವಹಿವಾಟಿನ ಶೇ. 8ರಷ್ಟನ್ನು, ಬ್ಯಾಂಕ್ ಅಥವಾ ಡಿಜಿಟಲ್ ಮೂಲಕ ಬಂದ ಮೊತ್ತದ ಮೇಲೆ ಶೇ. 6ರಷ್ಟನ್ನು, ಲಾಭವೆಂದು ಘೋಷಿಸಬಹುದು.